ತೂಕಕ್ಕೆ ಹಾಕುವ ಮುಂಚೆ ಬಾಯಿಗೆ ಹಾಕಿದರೆ ಕಳ್ಳತನವಾ?

ಪ್ರಶ್ನೆ: ನಾವು ತುಮಕೂರಿನವರು. ತಿಂಗಳ ದಿನಸಿಗೆ ಮನೆಮಂದಿಯೆಲ್ಲ ಸೂಪರ್‌ಮಾರ್ಕೆಟ್‌ಗೆ ಹೋಗುತ್ತೇವೆ. ನಮ್ಮ ಅತ್ತೆಗೆ ಒಂದು ಅಭ್ಯಾಸ. ದ್ರಾಕ್ಷಿ ಕಂಡರೆ ನಾಲ್ಕು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಬಿಡಿ ಗೋಡಂಬಿ, ಕಡಲೆಬೀಜದ ಡಬ್ಬದಲ್ಲೂ ಕೈ ಆಡಿಸುತ್ತಾರೆ. "ರುಚಿ ನೋಡ್ದೆ ತಗೊಳ್ಳೋದು ಹೇಗೆ?" ಅನ್ನುತ್ತಾರೆ. ಮಗನಿಗೆ ನಾಲ್ಕು ವರ್ಷ. ಟ್ರಾಲಿಯಲ್ಲಿ ಕೂತು ಬಿಸ್ಕತ್ ಪ್ಯಾಕೆಟ್ ಹರಿದು ತಿನ್ನುತ್ತಾನೆ. ನಮ್ಮ ಯಜಮಾನರು ಮಜ್ಜಿಗೆ ಕುಡಿದು, ಕೊನೆಗೆ ಖಾಲಿ ಪ್ಯಾಕೆಟ್ ಕೊಟ್ಟು ಬಿಲ್ ಮಾಡಿಸುತ್ತಾರೆ. ಹೋದ ತಿಂಗಳು ಸೆಕ್ಯುರಿಟಿಯವರು ಅತ್ತೆಯನ್ನು ತಡೆದು, ಎಲ್ಲರ ಮುಂದೆ "ತಿಂದಿದ್ದಕ್ಕೆ ಹತ್ತು ಪಟ್ಟು ದಂಡ ಕಟ್ಟಿ" ಅಂದರು. ಅವರು ಕಣ್ಣೀರು ಹಾಕಿದರು. ಇದು ನಿಜವಾಗಿ ಕಳ್ಳತನವಾ? ಹಾಗೆ ತಡೆಯುವ ಹಕ್ಕು ಅವರಿಗಿದೆಯಾ? ಅತ್ತೆಗೆ ನಾನು ಹೇಗೆ ಹೇಳಲಿ? ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅಂಗಡಿಯಲ್ಲೇ ಶುಗರ್ ಇಳಿದರೆ ಏನು ಮಾಡೋದು ಅನ್ನುವ ಭಯವೂ ಇದೆ.

ಉತ್ತರ: ನಿಮ್ಮ ಮನೆಯಲ್ಲಿ ಮೂವರು ಮೂರು ರೀತಿ ತಿನ್ನುತ್ತಿದ್ದಾರೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. ಮಗುವಿನದು ಅಪರಾಧವೇ ಅಲ್ಲ, ಬಿಸ್ಕತ್ತಿನ ದುಡ್ಡು ಕೊಟ್ಟರೆ ಆಯಿತು. ಯಜಮಾನರದು ಕಳ್ಳತನ ಅಲ್ಲ, ಆದರೆ ಯಾವತ್ತಾದರೂ ಫಜೀತಿಗೆ ಸಿಕ್ಕಿಸುವ ಅಭ್ಯಾಸ. ಅತ್ತೆಯವರದು ಮಾತ್ರ ಬಿಡಲೇಬೇಕಾದದ್ದು. ಹಾಗಂತ ಜನರ ಮುಂದೆ ಅವರನ್ನು ನಿಲ್ಲಿಸಿಕೊಂಡು ಹತ್ತು ಪಟ್ಟು ದಂಡ ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಈ ಮಾತನ್ನು ಅವರಿಗೆ ಮೊದಲು ಓದಿ ಹೇಳಿ.

ಅತ್ತೆಯವರ ಅಭ್ಯಾಸ ಎಲ್ಲಿಂದ ಬಂತು ಅನ್ನುವುದು ಅರ್ಥವಾದರೆ ಉಳಿದದ್ದು ಸುಲಭ. ಸಂತೆಯಲ್ಲಿ ಬೆಳೆದವರು ರುಚಿ ನೋಡದೆ ಏನನ್ನೂ ಕೊಳ್ಳುವುದಿಲ್ಲ. ಹುಣಸೆಹಣ್ಣಿನ ಒಂದು ಎಳೆ, ಬೆಲ್ಲದ ಒಂದು ಚೂರು, ಮಾವಿನ ಒಂದು ಹೋಳು ನಾಲಿಗೆಗೆ ಹೋದ ಮೇಲೆಯೇ ರೇಟಿನ ಮಾತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇವತ್ತಿಗೂ ಇದನ್ನು ನೋಡಬಹುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಾಯಿಯ ರಾಶಿ ಬಿದ್ದಿರುತ್ತದೆ. ಒಂದು ರಾಶಿಯಿಂದ ಎರಡು ಕಾಯಿ ಎತ್ತಿ, ಸುಲಿದು ತಿಂದು, ಬೇಡ ಅನ್ನಿಸಿದರೆ ಮುಂದಿನ ರಾಶಿಗೆ ಹೋಗಬಹುದು. ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಮಾರುವವರೇ "ತಿಂದ್ ನೋಡಿ ಅಕ್ಕಾ" ಅಂತ ಕರೆಯುತ್ತಾರೆ.

ಅಲ್ಲಿ ನಡೆಯುವುದನ್ನು ಗಮನಿಸಿ. ಮಾಲಿನ ಒಡೆಯ ಎದುರಿಗೇ ಕೂತಿರುತ್ತಾನೆ. ನೀವು ಎಷ್ಟು ಎತ್ತಿದಿರಿ ಅಂತ ಅವನಿಗೆ ಕಾಣುತ್ತದೆ. ಜಾಸ್ತಿ ಆದರೆ "ಸಾಕು ಬಿಡಮ್ಮ" ಅನ್ನುತ್ತಾನೆ. ರುಚಿಗೆ ಹೋದದ್ದು, ತೂಕದ ಮೇಲೆ ಹಾಕುವ ಕೊಸರು, ಎಲ್ಲವನ್ನೂ ಲೆಕ್ಕ ಹಾಕಿಯೇ ಅವನು ರೇಟು ಹೇಳಿರುತ್ತಾನೆ. ಕೊಡುವವನು ಕೊಟ್ಟಿದ್ದಾನೆ, ತಿನ್ನುವವರು ತಿಂದಿದ್ದಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಈ ಕೊಡುವವನೇ ಇಲ್ಲ. ದ್ರಾಕ್ಷಿಯ ಪಕ್ಕ ಯಾರೂ ನಿಂತಿಲ್ಲ ಅಂದರೆ ಯಾರಾದರೂ ತಿನ್ನಬಹುದು ಅಂತ ಅಲ್ಲ. ಕೇಳುವುದಕ್ಕೆ ಅಲ್ಲಿ ಯಾರೂ ಇಲ್ಲ, ಅಷ್ಟೇ.

ಈ ಥರದ ಅಂಗಡಿಗೆ ನೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ವಯಸ್ಸು. 1916ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ಪಿಗ್ಲಿ ವಿಗ್ಲಿ ಅಂತ ಒಂದು ದಿನಸಿ ಅಂಗಡಿ ತೆರೆದರು. ಅದಕ್ಕೂ ಮುಂಚೆ ಅಲ್ಲೂ ನಮ್ಮ ಶೆಟ್ಟರ ಅಂಗಡಿಯ ಹಾಗೆಯೇ ಇತ್ತು. ಚೀಟಿ ಕೊಡಬೇಕು, ಒಳಗಿನವರು ಕಟ್ಟಿ ಕೊಡಬೇಕು. ಸಾಂಡರ್ಸ್ ಗಿರಾಕಿಗಳನ್ನೇ ಒಳಗೆ ಬಿಟ್ಟು, ಕೈಗೆ ಬುಟ್ಟಿ ಕೊಟ್ಟು, ಹೊರಗೆ ಹೋಗುವ ದಾರಿಯಲ್ಲಿ ಹಣ ಕಟ್ಟುವ ಕೌಂಟರ್ ಇಟ್ಟರು. ಕೆಲಸದವರ ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ನಾವು ಇವತ್ತು ಸೂಪರ್‌ಮಾರ್ಕೆಟ್ಟಿನಲ್ಲಿ ಕಡಿಮೆ ಬೆಲೆಗೆ ಕೊಳ್ಳುವುದಕ್ಕೆ ಒಂದು ಕಾರಣ, ಪ್ರತಿ ರ‍್ಯಾಕಿನ ಪಕ್ಕ ಒಬ್ಬರನ್ನು ನಿಲ್ಲಿಸಿಲ್ಲ ಅನ್ನುವುದು. ಗಿರಾಕಿ ತೆಗೆದುಕೊಂಡದ್ದನ್ನೆಲ್ಲ ಕೌಂಟರಿಗೆ ತರುತ್ತಾರೆ ಅನ್ನುವ ನಂಬಿಕೆಯ ಮೇಲೆ ಇಡೀ ವ್ಯಾಪಾರ ನಿಂತಿದೆ.

ಈಗ ಕಾನೂನಿಗೆ ಬರೋಣ. ಬುಟ್ಟಿಗೆ ಹಾಕಿದ ಕೂಡಲೇ ಸಾಮಾನು ನಮ್ಮದಾಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಈ ಪ್ರಶ್ನೆ 1953ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ಬಂದಿತ್ತು. ಬೂಟ್ಸ್ ಅನ್ನುವ ಔಷಧಿ ಅಂಗಡಿ ತನ್ನ ಒಂದು ಶಾಖೆಯಲ್ಲಿ ಗಿರಾಕಿಗಳೇ ಸಾಮಾನು ಎತ್ತಿಕೊಳ್ಳುವ ಪದ್ಧತಿ ತಂದಿತ್ತು. ಮಾರಾಟ ಆಗುವುದು ಶೆಲ್ಫಿನ ಹತ್ತಿರವಾ, ಕೌಂಟರಿನ ಹತ್ತಿರವಾ ಅನ್ನುವುದು ವಿವಾದ. ಕೌಂಟರಿನ ಹತ್ತಿರ ಅಂತ ತೀರ್ಪಾಯಿತು. ಶೆಲ್ಫಿನಲ್ಲಿ ಇಟ್ಟಿರುವುದು ಬರೀ ಕರೆ. ಗಿರಾಕಿ ಕೌಂಟರಿಗೆ ತಂದು "ಇದು ಬೇಕು" ಅನ್ನಬೇಕು, ಅಂಗಡಿಯವರು ಒಪ್ಪಬೇಕು, ಆಗ ವ್ಯಾಪಾರ ಕುದುರಿದ ಹಾಗೆ. ಬುಟ್ಟಿಗೆ ಹಾಕಿದ ಕ್ಷಣವೇ ಮಾರಾಟ ಮುಗಿದುಬಿಟ್ಟರೆ, ಮನಸ್ಸು ಬದಲಿಸಿ ವಾಪಸ್ ಇಡುವ ಹಕ್ಕೇ ನಮಗೆ ಇರುವುದಿಲ್ಲ ಅಲ್ವಾ? ನಮ್ಮ ಕಾನೂನು ಕಾಲೇಜುಗಳಲ್ಲೂ ಈ ತೀರ್ಪನ್ನೇ ಪಾಠ ಮಾಡುತ್ತಾರೆ. ಬೆಂಗಳೂರಿನ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡ ಮೇಲೆ ಇಡ್ಲಿ ನಮ್ಮದು, ಅದಕ್ಕೂ ಮುಂಚೆ ಹೋಟೆಲಿನದು. ಇಲ್ಲೂ ಹಾಗೆಯೇ.

ಅಂದರೆ ಬಿಲ್ ಆಗುವವರೆಗೆ ತಿಂದದ್ದು ಅಂಗಡಿಯ ಸಾಮಾನು. ಆದರೆ ಬೇರೆಯವರ ಸಾಮಾನು ತಿಂದ ಮಾತ್ರಕ್ಕೆ ಕಳ್ಳತನ ಆಗುವುದಿಲ್ಲ. 2024ರ ಜುಲೈ 1ರಿಂದ ನಮ್ಮಲ್ಲಿ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಂ ಕಳ್ಳತನದ್ದು. ಅದಕ್ಕೆ ಮುಖ್ಯವಾಗಿ ಎರಡು ವಿಷಯ ಬೇಕು. ಒಂದು, ಒಡೆಯರ ಒಪ್ಪಿಗೆ ಇರಬಾರದು. ಇನ್ನೊಂದು, ಅಪ್ರಾಮಾಣಿಕ ಉದ್ದೇಶ ಇರಬೇಕು, ಅಂದರೆ ಹಕ್ಕಿಲ್ಲದ ಲಾಭ ಮಾಡಿಕೊಳ್ಳುವ ಇಲ್ಲವೇ ಇನ್ನೊಬ್ಬರಿಗೆ ನಷ್ಟ ಮಾಡುವ ಮನಸ್ಸು. ಒಪ್ಪಿಗೆಯನ್ನು ಬಾಯಿಬಿಟ್ಟೇ ಹೇಳಬೇಕು ಅಂತಿಲ್ಲ, ನಡವಳಿಕೆಯಿಂದ ಗೊತ್ತಾದರೂ ಸಾಕು ಅಂತ ಆ ಕಲಮಿನ ವಿವರಣೆಯೇ ಹೇಳುತ್ತದೆ. ಮಜ್ಜಿಗೆ ಕುಡಿದು ಪ್ಯಾಕೆಟ್ ಕೌಂಟರಿಗೆ ತರುವ ನಿಮ್ಮ ಯಜಮಾನರಿಗೆ ಹಣ ಕೊಡುವ ಮನಸ್ಸು ಮೊದಲಿನಿಂದಲೂ ಇದೆ. ಅಲ್ಲಿ ಕಳ್ಳತನದ ಪ್ರಶ್ನೆಯೇ ಬರುವುದಿಲ್ಲ.

ಅತ್ತೆಯವರ ನಾಲ್ಕು ದ್ರಾಕ್ಷಿ? ಸಂತೆಯ ರೂಢಿ ಇಲ್ಲೂ ನಡೆಯುತ್ತದೆ ಅಂತ ಮನಸಾರೆ ನಂಬಿ ತಿಂದವರ ಮೇಲೆ ಅಪ್ರಾಮಾಣಿಕತೆ ಹೊರಿಸುವುದು ಕಷ್ಟ. ಜೊತೆಗೆ ಅದೇ ಸಂಹಿತೆಯಲ್ಲಿ 33ನೇ ಕಲಂ ಇದೆ. ಸಾಮಾನ್ಯ ತಿಳಿವಳಿಕೆ ಇರುವ ಯಾರೂ ದೂರು ಕೊಡದಷ್ಟು ಸಣ್ಣ ಹಾನಿಯನ್ನು ಅದು ಅಪರಾಧ ಅಂತ ಎಣಿಸುವುದಿಲ್ಲ. ಒಂದು ದ್ರಾಕ್ಷಿಗೆ ಈ ರಕ್ಷಣೆ ಸಿಗಬಹುದು. ಆದರೆ ಪ್ರತಿ ತಿಂಗಳೂ ಗೋಡಂಬಿ ಡಬ್ಬಕ್ಕೆ ಕೈ ಹಾಕಿ, ಕೊಳ್ಳದೆ ಹೋದರೆ ಆ ವಾದ ನಿಲ್ಲುವುದಿಲ್ಲ. ಇನ್ನು ಮೇಲೆ "ಗೊತ್ತಿರಲಿಲ್ಲ" ಅನ್ನುವುದಕ್ಕೂ ಆಗುವುದಿಲ್ಲ. ಸೆಕ್ಯುರಿಟಿಯವರು ಒಮ್ಮೆ ಹೇಳಿ ಆಗಿದೆ.

ಗೋಡಂಬಿಯ ಲೆಕ್ಕ ಸ್ವಲ್ಪ ನೋಡೋಣ, ಯಾಕೆಂದರೆ "ನಾಲ್ಕು ಕಾಳಿನಿಂದ ಅವರೇನು ಮುಳುಗಿಹೋಗ್ತಾರಾ" ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಮಂಗಳೂರಿನ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜವನ್ನು ನಂಬರಿನಿಂದ ಕರೆಯುತ್ತಾರೆ. ಅಂಗಡಿಗಳಲ್ಲಿ ಜಾಸ್ತಿ ಸಿಗುವ 320ರ ಗೋಡಂಬಿ ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 300ರಿಂದ 320 ಬೀಜ ತೂಗುವಂಥದ್ದು. ಒಂದು ಬೀಜ ಸುಮಾರು ಒಂದೂವರೆ ಗ್ರಾಂ. ಕೆಜಿಗೆ 1000 ರೂಪಾಯಿ ಅಂತ ಹಿಡಿದರೆ ಒಂದು ಬೀಜಕ್ಕೆ ಒಂದೂವರೆ ರೂಪಾಯಿ, ಹತ್ತು ಬೀಜಕ್ಕೆ 15 ರೂಪಾಯಿ. ದಿನಸಿ ವ್ಯಾಪಾರದಲ್ಲಿ ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ನೂರಕ್ಕೆ ಮೂರು ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ಆ 15 ರೂಪಾಯಿ ತುಂಬಿಕೊಳ್ಳುವುದಕ್ಕೆ ಅಂಗಡಿ ಇನ್ನೂ 500 ರೂಪಾಯಿಯ ವ್ಯಾಪಾರ ಮಾಡಬೇಕು. ಒಬ್ಬರು ಹಿಡಿ ತುಂಬಾ ತಿಂದು ಹೋದರೆ ಅಷ್ಟು. ದಿನಕ್ಕೆ ಎಷ್ಟು ಜನ ಆ ಡಬ್ಬದ ಮುಂದೆ ಹಾದುಹೋಗುತ್ತಾರೆ, ಯೋಚಿಸಿ.

ಗ್ರಾಹಕರ ಪರವಾಗಿಯೂ ಅಂಗಡಿಯವರ ಪರವಾಗಿಯೂ ವಕೀಲಿಕೆ ಮಾಡುವುದರಿಂದ ನನಗೆ ಈ ನಷ್ಟದ ಇನ್ನೊಂದು ತುದಿಯೂ ಕಾಣುತ್ತದೆ. ಡಿಟರ್ಜೆಂಟ್ ಡಬ್ಬಗಳ ಹಿಂದೆ ಸಿಕ್ಕಿಸಿದ ಚಾಕೊಲೇಟ್ ಕವರು, ಅರ್ಧ ಕುಡಿದು ಇಟ್ಟ ಜ್ಯೂಸ್ ಬಾಟಲಿ, ಇವೆಲ್ಲ ಸ್ಟಾಕ್ ಎಣಿಸುವಾಗ ಸಿಗುತ್ತವೆ. ಪುಸ್ತಕದಲ್ಲಿ ಇಷ್ಟಿದೆ, ರ‍್ಯಾಕಿನಲ್ಲಿ ಅಷ್ಟಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ಆ ಸಾಲನ್ನು ನೋಡಿಕೊಳ್ಳುವ ಹುಡುಗ ಹುಡುಗಿಯರು. ಸಂಬಳ ಕಾನೂನಿನ ಪ್ರಕಾರ ಕೆಲಸದವರ ಸ್ವಂತ ತಪ್ಪಿನಿಂದಲೇ ನಷ್ಟ ಆಗಿದ್ದರೆ ಮಾತ್ರ ಸಂಬಳ ಹಿಡಿಯಬಹುದು, ಅದೂ ಅವರ ಮಾತು ಕೇಳಿದ ಮೇಲೆ. ಆದರೆ ಸಣ್ಣ ಸಂಬಳದ ಹುಡುಗಿ ಮ್ಯಾನೇಜರ್ ಮುಂದೆ ನಿಂತು ಕಾನೂನು ಮಾತಾಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ತಿನ್ನುತ್ತಿರುವ ಗಿರಾಕಿಯನ್ನು ಕೇಳಿದರೆ ಜಗಳ, ಕೇಳದಿದ್ದರೆ ಮೇಲಿನವರ ಬೈಗುಳ. ಅತ್ತೆಯವರಿಗೆ ಕಾನೂನಿನ ಕಲಮಿಗಿಂತ ಈ ವಿಷಯ ಬೇಗ ಮನಸ್ಸಿಗೆ ತಟ್ಟುತ್ತದೆ ಅಂತ ನನಗನ್ನಿಸುತ್ತದೆ.

ಯಜಮಾನರ ಮಜ್ಜಿಗೆಗೆ ಬರುತ್ತೇನೆ. ಪ್ಯಾಕೆಟ್ ಮೇಲೆ ಬಾರ್‌ಕೋಡ್ ಇದೆ, ನಮ್ಮ ದೇಶದಲ್ಲಿ ಕೊಟ್ಟ ಕೋಡ್ ಆದರೆ 890ರಿಂದ ಶುರುವಾಗುತ್ತದೆ. ಒಳಗೆ ಮಜ್ಜಿಗೆ ಇರಲಿ, ಖಾಲಿ ಇರಲಿ, ಮೆಷಿನ್ ಅದನ್ನು ಓದುತ್ತದೆ, ಬೆಲೆಯೂ ಬದಲಾಗುವುದಿಲ್ಲ. ಆದ್ದರಿಂದ ಅಂಗಡಿಗೆ ನಷ್ಟ ಇಲ್ಲ. ತೊಂದರೆ ಇರುವುದು ಮರೆವಿನಲ್ಲಿ. 2011ರ ಅಕ್ಟೋಬರಿನಲ್ಲಿ ಅಮೆರಿಕದ ಹೊನಲುಲುವಿನಲ್ಲಿ ಒಂದು ಘಟನೆ ನಡೆಯಿತು. ಏಳು ತಿಂಗಳ ಗರ್ಭಿಣಿಯೊಬ್ಬರು ಗಂಡ ಮತ್ತು ಸಣ್ಣ ಮಗಳ ಜೊತೆ ಸೇಫ್‌ವೇ ಅಂಗಡಿಗೆ ಹೋಗಿದ್ದರು. ಹಸಿವಾಗಿ ಅಲ್ಲಿಯೇ ಎರಡು ಸ್ಯಾಂಡ್‌ವಿಚ್ ತಿಂದರು. ಬಿಲ್ ಮಾಡಿಸೋಣ ಅಂತ ಕವರು ಇಟ್ಟುಕೊಂಡಿದ್ದರು. ಸುಮಾರು 50 ಡಾಲರಿನ ದಿನಸಿಗೆ ಹಣ ಕಟ್ಟಿದರು, 5 ಡಾಲರಿನ ಸ್ಯಾಂಡ್‌ವಿಚ್ ಮರೆತೇಹೋಯಿತು. ಬಾಗಿಲ ಹೊರಗೆ ತಡೆದರು. ಈಗಲೇ ಕೊಡುತ್ತೇವೆ ಅಂದರೂ ಕೇಳಲಿಲ್ಲ. ಪೊಲೀಸರು ಬಂದು ಗಂಡ ಹೆಂಡತಿ ಇಬ್ಬರನ್ನೂ ಬಂಧಿಸಿದರು. ಮೂರು ವರ್ಷವೂ ತುಂಬದ ಮಗುವನ್ನು ಆ ರಾತ್ರಿ ಸರ್ಕಾರದ ಮಕ್ಕಳ ಇಲಾಖೆ ತನ್ನ ವಶಕ್ಕೆ ತೆಗೆದುಕೊಂಡಿತು. ಮರುದಿನವೇ ಮಗು ಅಪ್ಪ ಅಮ್ಮನಿಗೆ ಸಿಕ್ಕಿದ್ದು. ಆಮೇಲೆ ಕಂಪನಿ ಕ್ಷಮೆ ಕೇಳಿತು, ಕೇಸೂ ಬಿದ್ದುಹೋಯಿತು. ಆದರೆ ಆ ತಾಯಿ ಕಳೆದ ರಾತ್ರಿ ಎಂಥದ್ದಿರಬೇಕು ಹೇಳಿ. ಅವರ ಮನಸ್ಸಿನಲ್ಲಿ ಯಾವ ಮೋಸವೂ ಇರಲಿಲ್ಲ.

ಹಾಗಾಗಿ ಯಜಮಾನರಿಗೆ ಇಷ್ಟು ಹೇಳಿ. ಬಾಯಾರಿಕೆ ಆದರೆ ಒಳಗೆ ಹೋದ ಕೂಡಲೇ ಮಜ್ಜಿಗೆ ತೆಗೆದುಕೊಂಡು, ಕೌಂಟರಿನಲ್ಲಿ ಅದೊಂದಕ್ಕೇ ಬಿಲ್ ಮಾಡಿಸಿಕೊಳ್ಳಲಿ. ಎರಡು ನಿಮಿಷದ ಕೆಲಸ. ಕ್ಯೂ ಉದ್ದ ಇದ್ದರೆ ಅಲ್ಲಿನ ಯಾರಿಗಾದರೂ ಪ್ಯಾಕೆಟ್ ತೋರಿಸಿ "ಇದನ್ನು ಕುಡೀತೀನಿ, ಬಿಲ್ಲಿಗೆ ಸೇರಿಸ್ತೀನಿ" ಅಂತ ಹೇಳಿ ಕುಡಿಯಲಿ. ಖಾಲಿ ಪ್ಯಾಕೆಟ್ಟನ್ನು ಟ್ರಾಲಿಯ ತಳದಲ್ಲಿ ಬಿಡದೆ ಪರ್ಸಿನ ಜೊತೆ ಕೈಯಲ್ಲೇ ಹಿಡಿಯಲಿ. ಹನಿ ಸೋರುವ ಪ್ಯಾಕೆಟ್ಟನ್ನು ಬಿಲ್ ಮಾಡುವ ಹುಡುಗಿಯ ಕೈಗೆ ಕೊಡುವುದೂ ಸರಿಯಲ್ಲ. ಒರೆಸಿ ಕೊಡಬೇಕು, ಇಲ್ಲವೇ ಕವರಿನಲ್ಲಿ ಹಾಕಿ ಕೋಡ್ ಮಾತ್ರ ತೋರಿಸಬೇಕು.

ತೂಕಕ್ಕೆ ಮಾರುವ ಸಾಮಾನಿಗೆ ಈ ದಾರಿ ಇಲ್ಲ. ದ್ರಾಕ್ಷಿ, ಕಡಲೆಬೀಜ, ಗೋಡಂಬಿ, ಖರ್ಜೂರ, ಇವನ್ನು ತಿಂದ ಮೇಲೆ ತೂಗುವುದಕ್ಕೆ ಏನು ಉಳಿದಿರುತ್ತದೆ? ಆಮೇಲೆ ಹಣ ಕೊಡುತ್ತೇನೆ ಅಂದರೂ ಎಷ್ಟು ಅಂತ ಹೇಳುವವರಿಲ್ಲ. ಅದಕ್ಕೇ ಬಾರ್‌ಕೋಡ್ ಇರುವುದಕ್ಕೂ ತಕ್ಕಡಿಗೆ ಹೋಗುವುದಕ್ಕೂ ನಡುವೆ ನಾನು ಗಟ್ಟಿಯಾಗಿ ಗೆರೆ ಎಳೆಯುತ್ತೇನೆ. ತಕ್ಕಡಿಗೆ ಹೋಗುವುದನ್ನು ತೂಕಕ್ಕೆ ಮುಂಚೆ ಯಾರೂ ತಿನ್ನಬಾರದು, ದುಡ್ಡು ಕೊಡುವ ಮನಸ್ಸಿದ್ದರೂ.

ದ್ರಾಕ್ಷಿಯ ವಿಷಯದಲ್ಲಿ ಆರೋಗ್ಯದ ಮಾತೂ ಇದೆ. ದ್ರಾಕ್ಷಿ ತೋಟಕ್ಕೆ ಬೂಜು ರೋಗ ಬಾರದಿರಲಿ ಅಂತ ಔಷಧಿ ಹೊಡೆಯುತ್ತಲೇ ಇರುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಮೊದಲು ಬಂದದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ. ಹಣ್ಣಿನ ಮೇಲೆ ಬೆಳ್ಳಗೆ ಕಾಣುವ ಪುಡಿ ಕೆಲವು ಸಲ ಹಣ್ಣಿನದೇ ಮೇಣ, ಕೆಲವು ಸಲ ಔಷಧಿಯ ಕಲೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೋ ಕೈ ಮುಟ್ಟಿದ ಗೊನೆಯಿಂದ ಕಿತ್ತು ತೊಳೆಯದೆ ತಿನ್ನುವುದಕ್ಕಿಂತ ಮನೆಗೆ ತಂದು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನುವುದು ಒಳ್ಳೆಯದು. ಹಾಗೆಯೇ ನಮ್ಮ ಕೈ ಹೋದ ಗೋಡಂಬಿ ಡಬ್ಬದಿಂದಲೇ ಇನ್ನೊಬ್ಬರ ಮನೆಯ ಪಾಯಸಕ್ಕೂ ಹೋಗುತ್ತದೆ.

ಮಗುವಿನ ಮಾತು. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧ ಅಲ್ಲ ಅಂತ ನ್ಯಾಯ ಸಂಹಿತೆಯ 20ನೇ ಕಲಂ ಹೇಳುತ್ತದೆ. ಹರಿದ ಪ್ಯಾಕೆಟ್ಟಿಗೆ ನೀವು ಹಣ ಕೊಟ್ಟರೆ ಮುಗಿಯಿತು. ನನಗೆ ಚಿಂತೆ ಬೇರೆ. ನಾಲ್ಕು ವರ್ಷದ ಮಗು ಓಡುವ ಟ್ರಾಲಿಯಲ್ಲಿ ಕೂತು ತಿನ್ನುವಾಗ ಅಜ್ಜಿ ಪ್ರೀತಿಯಿಂದ ಇಡೀ ದ್ರಾಕ್ಷಿ, ಕಡಲೆಬೀಜ ಬಾಯಿಗೆ ಹಾಕಿಬಿಟ್ಟರೆ? ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿಸುವ ವಸ್ತುಗಳಲ್ಲಿ ಇವೆರಡೂ ಮುಂದಿವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಕೂರಿಸಿಕೊಂಡೇ ತಿನ್ನಿಸಬೇಕು. ಅಂಗಡಿಗೆ ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಿ, ಕೈಗೊಂದು ಬಾಳೆಹಣ್ಣು ಇಟ್ಟುಕೊಳ್ಳಿ. ಒಳಗೆ ಹಟ ಮಾಡಿದರೆ ಬಿಸ್ಕತ್ತನ್ನು ಅವನ ಕೈಯಲ್ಲೇ ಕೌಂಟರಿಗೆ ಕೊಡಿಸಿ, ಬೀಪ್ ಅಂದ ಮೇಲೆ ತೆರೆಯಲಿ. ಮಕ್ಕಳಿಗೆ ಆ ಕೆಲಸ ಇಷ್ಟ ಆಗುತ್ತದೆ. ಬ್ರಿಟನ್ನಿನ ಟೆಸ್ಕೊ ಅಂಗಡಿಗಳಲ್ಲಿ 2016ರಲ್ಲಿ ಮಕ್ಕಳಿಗೆ ಅಂತಲೇ ಪುಕ್ಕಟೆ ಹಣ್ಣಿನ ಬುಟ್ಟಿ ಇಡುವುದಕ್ಕೆ ಶುರು ಮಾಡಿದರು. ನಮ್ಮ ಊರಿನ ಅಂಗಡಿಯವರು ನಾಲ್ಕು ಡಜನ್ ಏಲಕ್ಕಿ ಬಾಳೆ ಇಟ್ಟರೆ ಎಷ್ಟು ಚೆನ್ನ.

ಈಗ ಸೆಕ್ಯುರಿಟಿಯವರು ಮಾಡಿದ್ದು. ಕಳವಿನ ಬೆಲೆ 5000 ರೂಪಾಯಿಗಿಂತ ಕಡಿಮೆ ಇದ್ದರೆ ಹೊಸ ಕಾನೂನು ಅದನ್ನು ಬೇರೆಯೇ ಸಾಲಿನಲ್ಲಿ ಇಟ್ಟಿದೆ. ಮೊದಲ ಸಲ ತಪ್ಪಿತಸ್ಥರಾದವರು ಆ ಬೆಲೆ ವಾಪಸ್ ಕೊಟ್ಟರೆ, ಅವರಿಗೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಇಂಥ ಸಣ್ಣ ಕಳವು ಜಾಮೀನು ಸಿಗುವಂಥದ್ದು, ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರೂ ತನಿಖೆ ಮಾಡುವಂತಿಲ್ಲ. ಇನ್ನು ಸೆಕ್ಯುರಿಟಿಯವರು ಕಾನೂನಿನ ಕಣ್ಣಿಗೆ ನಮ್ಮ ನಿಮ್ಮಂಥ ಖಾಸಗಿ ವ್ಯಕ್ತಿಗಳು. ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಇನ್ನೊಂದು ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 40ನೇ ಕಲಂ ಪ್ರಕಾರ, ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿದಿಡಬೇಕಾದರೆ ಕಣ್ಣೆದುರಿಗೇ ಗಂಭೀರ ಅಪರಾಧ ನಡೆದಿರಬೇಕು. ಅದು ಜಾಮೀನು ಇಲ್ಲದ್ದೂ ಆಗಿರಬೇಕು, ಪೊಲೀಸರು ನೇರವಾಗಿ ಕ್ರಮ ತೆಗೆದುಕೊಳ್ಳಬಹುದಾದದ್ದೂ ಆಗಿರಬೇಕು. ನಾಲ್ಕು ದ್ರಾಕ್ಷಿ ಆ ಪಟ್ಟಿಗೆ ಬರುವುದೇ ಇಲ್ಲ.

ಹಾಗಾದರೆ ಅಂಗಡಿಯವರು ಏನು ಮಾಡಬಹುದು? ತಿನ್ನಬೇಡಿ ಅನ್ನಬಹುದು. ತಿಂದದ್ದರ ಬೆಲೆ ಕೇಳಬಹುದು. ಮತ್ತೆ ಮತ್ತೆ ಹಾಗೇ ಮಾಡಿದರೆ ಇನ್ನು ಬರಬೇಡಿ ಅನ್ನಬಹುದು. ದೂರು ಕೊಡಬಹುದು. ಕೈಯಲ್ಲಿರುವ ಸಾಮಾನು ಬಿಲ್ ಇಲ್ಲದೆ ಬಾಗಿಲು ದಾಟದ ಹಾಗೆ ತಡೆಯುವುದೂ ನ್ಯಾಯವೇ. ಆದರೆ ತಿಂದು ಮುಗಿದ ದ್ರಾಕ್ಷಿಗೆ ಒಬ್ಬ ಹಿರಿಯ ಹೆಂಗಸನ್ನು ರೂಮಿನಲ್ಲಿ ಕೂರಿಸಿಕೊಂಡರೆ, ಅದು ಅಕ್ರಮ ಬಂಧನ. ಅದಕ್ಕೆ ನ್ಯಾಯ ಸಂಹಿತೆಯ 127ನೇ ಕಲಂ ಕೆಳಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಹತ್ತು ಪಟ್ಟು ದಂಡ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ. ದಂಡ ಹಾಕುವುದು ಕೋರ್ಟಿನ ಕೆಲಸ, ಅಂಗಡಿಗೆ ಸಲ್ಲುವುದು ಅದರ ನಷ್ಟ ಮಾತ್ರ. ಮೈ ಮುಟ್ಟಿ ಹುಡುಕುವಂತಿಲ್ಲ. ಫೋಟೊ ತೆಗೆದು "ಕಳ್ಳಿ" ಅಂತ ವಾಟ್ಸಾಪಿನಲ್ಲಿ ಹಾಕಿದರೆ ಮಾನಹಾನಿಯ ಕೇಸು ಆಗುತ್ತದೆ.

ಮುಂದೆ ಯಾವತ್ತಾದರೂ ಹೀಗಾದರೆ ದನಿ ಏರಿಸಬೇಡಿ. "ತಿಂದದ್ದಕ್ಕೆ ಎಷ್ಟಾಗುತ್ತೆ ಹೇಳಿ, ಕೊಡ್ತೀವಿ. ದಂಡ ಕೊಡೋದಿಲ್ಲ. ಮ್ಯಾನೇಜರನ್ನ ಕರೀರಿ" ಅನ್ನಿ. ಕೊಟ್ಟ ಹಣಕ್ಕೆ ರಸೀದಿ ಕೇಳಿ. ಹೋದ ತಿಂಗಳು ದಂಡ ಅಂತ ಏನಾದರೂ ಕಟ್ಟಿದ್ದರೆ, ಅಂಗಡಿಗೆ ಬರೆದು ವಾಪಸ್ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

"ಗ್ರಾಹಕರಿಗೆ ಗುಣಮಟ್ಟ ನೋಡುವ ಹಕ್ಕಿಲ್ವಾ?" ಅಂತ ಕೆಲವರು ಕೇಳುತ್ತಾರೆ. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗುಣ, ಪ್ರಮಾಣ, ಶುದ್ಧತೆ, ಬೆಲೆಯ ಬಗ್ಗೆ ಮಾಹಿತಿ ಪಡೆಯುವ ಹಕ್ಕು ಇದೆ. ಅದು ತಿಳಿದುಕೊಳ್ಳುವ ಹಕ್ಕು, ಕೇಳದೆ ತಿನ್ನುವ ಹಕ್ಕು ಅಲ್ಲ. ಇದರ ಬದಲಿಗೆ ಅದೇ ಕಾಯ್ದೆ ಇನ್ನೂ ಗಟ್ಟಿಯಾದ ಒಂದನ್ನು ಕೊಟ್ಟಿದೆ, ಅದನ್ನು ನಾವು ಬಳಸುವುದು ಕಡಿಮೆ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ ಅಂಗಡಿ ವಾಪಸ್ ತೆಗೆದುಕೊಳ್ಳಬೇಕು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನ. ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಕಡಲೆಬೀಜ ಮುಗ್ಗಲು ಬಂದಿದ್ದರೆ, ಗೋಡಂಬಿಯಲ್ಲಿ ಹುಳ ಇದ್ದರೆ, ಬಿಲ್ ಸಮೇತ ಮರುದಿನವೇ ತೆಗೆದುಕೊಂಡು ಹೋಗಿ. ಹುಳಿ ದ್ರಾಕ್ಷಿಯನ್ನು ದೋಷ ಅನ್ನುವುದಕ್ಕೆ ಬರುವುದಿಲ್ಲ. ಅದಕ್ಕೆ ಕೇಳಿ ರುಚಿ ನೋಡುವುದೇ ದಾರಿ.

ಕೇಳಿದರೆ ಕೊಡುವವರು ಬಹಳ ಜನ ಇದ್ದಾರೆ. ತರಕಾರಿ ಹಣ್ಣಿನ ಕಡೆ ತೂಕ ಹಾಕುವ ಹುಡುಗನಿಗೆ "ಒಂದು ರುಚಿ ನೋಡ್ಲಾ ಅಪ್ಪಾ?" ಅಂದರೆ ಒಂದು ಹಣ್ಣು ತಾನೇ ಕಿತ್ತು ಕೊಡುತ್ತಾನೆ. ಇಲ್ಲ ಅಂದರೆ ಇಲ್ಲ. ಅತ್ತೆಯವರಿಗೆ ರುಚಿ ನೋಡಿಯೇ ದ್ರಾಕ್ಷಿ ತರಬೇಕು ಅಂತ ಹಟ ಇದ್ದರೆ ಗಾಡಿಯವರ ಹತ್ತಿರ ಕೊಳ್ಳಿ. ಬೆಂಗಳೂರಿಗೆ ಹೋದಾಗ ಹಾಪ್‌ಕಾಮ್ಸ್ ಮಳಿಗೆ ಇದ್ದೇ ಇದೆ. 1959ರಲ್ಲಿ ಆ ಸಂಸ್ಥೆ ಶುರುವಾದದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅಲ್ಲಿ ತೂಗಿ ಕೊಡುವವರು ಎದುರಿಗೇ ಇರುತ್ತಾರೆ, ಕೇಳುವುದು ಸುಲಭ.

ಅತ್ತೆಯವರಿಗೆ ಹೇಗೆ ಹೇಳುವುದು? ಅಂಗಡಿಯೊಳಗೆ ಹೇಳಬೇಡಿ. ಹೋದ ತಿಂಗಳ ಅವಮಾನ ಇನ್ನೂ ಹಸಿಯಾಗಿರುತ್ತದೆ. ಸೊಸೆಯೂ ಆ ಸೆಕ್ಯುರಿಟಿಯವರ ಕಡೆ ಸೇರಿದಳು ಅಂತ ಅನ್ನಿಸಬಾರದು. ಮೊದಲು "ಅವರು ನಿಮ್ಮ ಜೊತೆ ಹಾಗೆ ಮಾತಾಡಿದ್ದು ತಪ್ಪು ಅತ್ತೆ" ಅನ್ನಿ. ನಿಮ್ಮ ಯಜಮಾನರೂ ಪಕ್ಕದಲ್ಲಿದ್ದು ಅದೇ ಮಾತು ಹೇಳಲಿ. ಆಮೇಲೆ ಆ ಸಾಲು ನೋಡಿಕೊಳ್ಳುವ ಹುಡುಗಿಯ ಕಷ್ಟ ಹೇಳಿ. ಕೊನೆಗೆ ಅವರ ಜಾಣ್ಮೆಗೆ ಕೆಲಸ ಕೊಡಿ. ಬಾಯಿಗೆ ಹಾಕದೆಯೂ ಮಾಲು ಗುರುತಿಸುವುದು ಅವರಿಗೆ ನಿಮಗಿಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಡಲೆಬೀಜ ಮೂಗಿನ ಹತ್ತಿರ ತಂದರೆ ಕಮಟು ಗೊತ್ತಾಗುತ್ತದೆ. ಸುಕ್ಕಿದ, ಕಪ್ಪು ಹಿಡಿದ ಬೀಜ ಕಣ್ಣಿಗೇ ಕಾಣುತ್ತದೆ. ದ್ರಾಕ್ಷಿಯ ತೊಟ್ಟು ಹಸಿರಾಗಿದ್ದರೆ ತಾಜಾ, ಒಣಗಿ ಕಂದಾಗಿದ್ದರೆ ಹಳೆಯದು. ಹಸಿರು ದ್ರಾಕ್ಷಿಗೆ ಸ್ವಲ್ಪ ಹಳದಿ ತಿರುಗಿದ್ದರೆ ಸಿಹಿ ಜಾಸ್ತಿ. ಬೆಲ್ಲ ಮಿರಮಿರ ಹಳದಿ ಇದ್ದರೆ ಬಣ್ಣ ತಿಳಿ ಮಾಡುವುದಕ್ಕೆ ಏನೋ ಹಾಕಿರಬಹುದು, ಕಂದು ಬೆಲ್ಲವೇ ವಾಸಿ. "ಅತ್ತೆ, ಇವನ್ನೆಲ್ಲ ನೀವೇ ಆರಿಸಿ, ನನಗೆ ಗೊತ್ತಾಗಲ್ಲ" ಅಂದುನೋಡಿ. ಮನೆಗೆ ಬಂದ ಕೂಡಲೇ ತೊಳೆದು ಮೊದಲ ಗೊಂಚಲು ಅವರ ಕೈಗೇ ಕೊಡಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೊರದೇಶದಲ್ಲಿದ್ದು, ಅತ್ತೆ ಮಾವ ಅಲ್ಲಿಗೆ ಹೋಗುವವರಿದ್ದರೆ, ಈ ಅಭ್ಯಾಸವನ್ನು ಈಗಲೇ ಬಿಡಿಸಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಕಳವಿನ ಸಂಶಯ ಬಂದರೆ ಗಿರಾಕಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುವ ಅಧಿಕಾರ ಅಂಗಡಿಯವರಿಗೇ ಇದೆ. ಸಣ್ಣ ಕಳವಿನ ಕೇಸೂ ಮುಂದೆ ವೀಸಾ ಕೇಳುವಾಗ ಎದುರಿಗೆ ಬರುತ್ತದೆ. ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಮೇಜಿನ ಮೇಲೆ ಸಣ್ಣ ಕಪ್ಪುಗಳಲ್ಲಿ ತಿಂಡಿ ಇಟ್ಟು ರುಚಿಗೆ ಕೊಡುತ್ತಾರೆ. ಕೊಟ್ಟದ್ದನ್ನು ಧಾರಾಳವಾಗಿ ತಿನ್ನಲಿ. ಪಕ್ಕದ ರ‍್ಯಾಕಿನಲ್ಲಿರುವುದು ಮಾತ್ರ ಬಿಲ್ ಆದ ಮೇಲೆ.

ಇನ್ನು ನಿಮ್ಮ ಮಾವನ ವಿಷಯ. ಮೇಲೆ ಹೇಳಿದ ಯಾವ ನಿಯಮವೂ ಇಲ್ಲಿ ಅಡ್ಡ ಬರಬಾರದು. ಬೆವರು, ನಡುಕ, ಎದೆ ಡವಡವ, ತಲೆ ತಿರುಗುವುದು, ಮಾತು ತೊದಲುವುದು, ಇವು ಶುಗರ್ ಇಳಿದಿರುವ ಲಕ್ಷಣ. ಶುಗರ್ ಮೀಟರಿನಲ್ಲಿ 70ಕ್ಕಿಂತ (ಎಂಜಿ/ಡಿಎಲ್) ಕೆಳಗೆ ಹೋದರೆ ತಡ ಮಾಡುವಂತಿಲ್ಲ. ಕೈಗೆ ಸಿಕ್ಕಿದ ಹಣ್ಣಿನ ಜ್ಯೂಸ್ ತೆರೆದು ಕುಡಿಸಿ, ಇಲ್ಲವೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕೊಡಿ. ಸುಮಾರು 15 ಗ್ರಾಂ ಸಕ್ಕರೆ ಒಳಗೆ ಹೋಗಬೇಕು. ಡಯಟ್ ಪಾನೀಯ ಕೆಲಸಕ್ಕೆ ಬರುವುದಿಲ್ಲ, ಚಾಕೊಲೇಟ್ ನಿಧಾನ. ಕುಡಿಸುತ್ತಲೇ ಹತ್ತಿರದವರಿಗೆ ಕೂಗಿ ಹೇಳಿ, ಬಿಲ್ ಆಮೇಲೆ. ಜೀವ ಉಳಿಸುವುದಕ್ಕೆ ತೆರೆದ ಬಾಟಲಿಗೆ ಯಾವ ಅಂಗಡಿಯವರೂ ತಕರಾರು ಮಾಡುವುದಿಲ್ಲ, ಮಾಡಿದರೂ ಕಾನೂನು ನಿಮ್ಮ ಕಡೆ ಇದೆ. 15 ನಿಮಿಷ ಕೂರಿಸಿ, ಮತ್ತೆ ಪರೀಕ್ಷೆ ಮಾಡಿ. ಇನ್ನೂ 70ರ ಕೆಳಗೇ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಬಿಸ್ಕತ್ತೋ ಬ್ರೆಡ್ಡೋ ತಿನ್ನಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾಗುವ ದಿನ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಬೇಡಿ, ಮತ್ತು ಅವರ ಅಂಗಿ ಜೇಬಿನಲ್ಲಿ ಗ್ಲೂಕೋಸಿನ ಒಂದು ಸಣ್ಣ ಪೊಟ್ಟಣ ಸದಾ ಇರಲಿ.